ಕಾಣದ ಊರಿನ ಕುಲಗೋತ್ರ

ಸೊಪ್ಪಿನ ಕಟ್ಟನ್ನು ತಿರುಗಿಸಿ ಬುಡ ನೋಡದೆ ನಾನು ಈವರೆಗೆ ಕೊಂಡಿಲ್ಲ. ಸ್ವಾಹಿಲಿ ನಾಡಿನ ಈ ನಗರದ ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನೆದುರು ತರಕಾರಿ ಮಾರುವ ಹೆಂಗಸು ಹನ್ನೆರಡು ವರ್ಷದಿಂದ "ಇವತ್ತು ಬೆಳಿಗ್ಗೆ ಕಿತ್ತದ್ದು" ಎನ್ನುತ್ತಿದ್ದಾಳೆ. ನಾನೂ ಹನ್ನೆರಡು ವರ್ಷದಿಂದ ಬುಡ ನೋಡುತ್ತಿದ್ದೇನೆ. ಒಂದು ಸಲವೂ ಅವಳ ಸುಳ್ಳು ಸಿಕ್ಕಿಬಿದ್ದಿಲ್ಲ. ಇಷ್ಟು ವರ್ಷ ಒಬ್ಬರು ಬರೀ ನಿಜವನ್ನೇ ಹೇಳುತ್ತಾರೆಂದರೆ ಏನೋ ಇರಲೇಬೇಕು ಎಂಬುದು ನನ್ನ ಈಗಿನ ಅನುಮಾನ.

ಇದನ್ನು ಕಾಯಿಲೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳುತ್ತಾರೆ ಎಂದರೆ, ವರ್ಷಕ್ಕೊಮ್ಮೆ. ಅವರು ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ದಿನವಿಡೀ ಮಾತಾಡಿ ಖಾಲಿಯಾಗಿ ಬರುವವರು. ಮನೆಯಲ್ಲಿ ಅವರ ಕನ್ನಡ "ಹ್ಞೂಂ" ಮತ್ತು "ಸಾರು ಹಾಕು" ಎಂಬಷ್ಟಕ್ಕೆ ಮುಗಿಯುತ್ತದೆ. ನಾನು ಮಾತ್ರ ಇದು ಕಾಯಿಲೆಯಲ್ಲ, ಕಸುಬು ಎನ್ನುತ್ತೇನೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಯಾವ ಅಂಕಿಯನ್ನೂ ಎರಡು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳಬೇಡಿ ಎಂದು ಹುಡುಗರಿಗೆ ಹೇಳಿಕೊಡುವುದಕ್ಕೆ ನನಗೆ ಸಂಬಳ ಬರುತ್ತದೆ.

ಈ ಕಸುಬನ್ನು ನಂಬಿ ಒಂದು ದಿನ ನನ್ನ ಬಳಿ ಬಂದವಳು ಮಾಮಾ ಮರ್ಸಿ. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಕೆಲಸವನ್ನೂ, ಕೆಲವು ಸಲ ನನ್ನನ್ನೂ ನೋಡಿಕೊಳ್ಳುತ್ತಿರುವವಳು. ಇಲ್ಲಿ ತಾಯಂದಿರನ್ನು ಮೊದಲ ಮಗುವಿನ ಹೆಸರಿನಿಂದ ಕರೆಯುವುದು ವಾಡಿಕೆ. ಅವಳು ಮರ್ಸಿಯ ತಾಯಿ, ಹಾಗಾಗಿ ಮಾಮಾ ಮರ್ಸಿ. ನಾನು ಅನಿರುದ್ಧನ ತಾಯಿ, ಅವಳ ಬಾಯಲ್ಲಿ ಮಾಮಾ ಅನಿ. ಅವಳ ಮಗಳು ಮರ್ಸಿ ನರ್ಸ್ ಆಗಿದ್ದಳು. ಅಮೆರಿಕದ ನಡುಭಾಗದ ಯಾವುದೋ ಪುಟ್ಟ ಊರಿನ ವೃದ್ಧಾಶ್ರಮವೊಂದು ಅವಳಿಗೆ ಕೆಲಸ ಕೊಡುತ್ತೇನೆ ಎಂದಿತ್ತು. ಒಂದು ವಾರದೊಳಗೆ ಹೌದೋ ಅಲ್ಲವೋ ಹೇಳಬೇಕು.

"ನೀನು ಲೆಕ್ಕದ ಟೀಚರ್. ಈ ಊರು ಒಳ್ಳೇದಾ ಕೆಟ್ಟದ್ದಾ ಓದಿ ಹೇಳು. ನೀನು ಬೇಡ ಅಂದ್ರೆ ಕಳಿಸಲ್ಲ," ಎಂದು ಮಾಮಾ ಮರ್ಸಿ ಸ್ವಾಹಿಲಿಯಲ್ಲಿ ಹೇಳಿ, ಊರಿನ ಹೆಸರು ಬರೆದ ಚೀಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

ಮರ್ಸಿ ಯಾರು ಎಂದು ಹೇಳದೆ ಮುಂದೆ ಹೋದರೆ ನನ್ನ ಗಾಬರಿ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಅತ್ತೆ ನಂಜನಗೂಡಿನಿಂದ ಬಂದು ಹತ್ತು ವರ್ಷ ನಮ್ಮ ಜೊತೆಗಿದ್ದರು. ಇಂಗ್ಲಿಷ್ ಬಾರದು, ಸ್ವಾಹಿಲಿ ಬೇಕಿಲ್ಲ. ಮೊಮ್ಮಗ ಅನಿರುದ್ಧನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶಾಲೆ ಬಿಟ್ಟ ಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದವಳು ಆರು ವರ್ಷದ ಮರ್ಸಿ. ಅತ್ತೆ ಹೇಳಿದ್ದನ್ನೆಲ್ಲ ಹಾಗೆಹಾಗೇ ಕಲಿತಳು. ಅತ್ತೆ ಹೋದ ಮೇಲೂ ಅವರ ಕನ್ನಡ ನಮ್ಮ ಮನೆಯಲ್ಲಿ ಓಡಾಡಿಕೊಂಡಿತ್ತು. ಟಿಕ್‌ಟಾಕ್ ನೋಡುವ ಹುಡುಗಿ ಫೋನು ಕೆಳಗಿಟ್ಟು, "ಅಯ್ಯೋ ಶಿವನೇ, ಸೊಂಟ ಹಿಡ್ಕೊಂಡ್ಬಿಡ್ತು ಆಂಟಿ, ಒಂದ್ಲೋಟ ಕಾಫಿ ಕೊಡಿ ಮತ್ತೆ," ಎಂದು ಎಪ್ಪತ್ತು ವರ್ಷದ ಗತ್ತಿನಲ್ಲಿ ಹೇಳುವುದನ್ನು ನೀವು ಕೇಳಬೇಕಿತ್ತು.

ಅಂಥವಳನ್ನು ಕಾಣದ ಊರಿಗೆ ಕಳಿಸುವುದೆಂದರೆ ಮೊದಲು ವಿಚಾರಿಸಬೇಕು. ವಿಚಾರಿಸುವ ವಿದ್ಯೆ ನಮ್ಮ ವಂಶದಲ್ಲೇ ಇದೆ. ನನಗೆ ಸಂಬಂಧ ಬಂದಾಗ ನಮ್ಮ ದೊಡ್ಡಪ್ಪ ಯಾರಿಗೂ ಹೇಳದೆ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿದ್ದರು. ಬಾಡಿಗೆ ಮನೆ ಹುಡುಕುವವರಂತೆ ಗಂಡಿನ ಬೀದಿಯಲ್ಲಿ ಎರಡು ಸುತ್ತು ಹಾಕಿ, ಹಿಟ್ಟಿನ ಗಿರಣಿಯಲ್ಲಿ ಅರ್ಧ ಗಂಟೆ ಕೂತು, ಆ ಮನೆಯವರು ಜೋರಾಗಿ ಜಗಳವಾಡುತ್ತಾರೋ, ಕೊಳಾಯಿಯ ನೀರು ಉಪ್ಪೋ ಸಿಹಿಯೋ, ಎಲ್ಲ ತಿಳಿದುಕೊಂಡು ಬಂದರು. "ಹಿತ್ತಿಲಲ್ಲಿ ಬಟ್ಟೆ ಒಣಗಿಸಿದ್ದಾರೆ, ಒಂದೂ ಹರಿದಿಲ್ಲ, ಹುಡುಗ ಮಾತು ಕಮ್ಮಿಯಂತೆ," ಎಂಬುದು ಅವರ ವರದಿ. ಮಾತು ಕಮ್ಮಿ ಎನ್ನುವುದನ್ನು ನಾವೆಲ್ಲ ಸದ್ಗುಣವೆಂದು ತಿಳಿದೆವು. ಅಂಕಿ ಸರಿಯಿದ್ದರೂ ಅರ್ಥ ಮಾಡಿಕೊಳ್ಳುವುದರಲ್ಲಿ ಎಡವಬಹುದು ಎಂಬುದಕ್ಕೆ ನನ್ನ ಮದುವೆಯನ್ನೇ ಉದಾಹರಣೆ ಕೊಡಬಹುದಿತ್ತು, ಆದರೆ ತರಗತಿಯಲ್ಲಿ ಕೊಡುವುದಿಲ್ಲ.

ಅಮೆರಿಕದ ಊರಿಗೆ ಬಸ್ಸಿಲ್ಲ. ಆದರೆ ಆ ದೇಶದವರು ಪ್ರತಿ ಊರಿನ ಕುಲಗೋತ್ರವನ್ನೂ ಎಣಿಸಿ ಇಂಟರ್‌ನೆಟ್ಟಿನಲ್ಲಿ ಹರಡಿಟ್ಟಿದ್ದಾರೆ. ಎಷ್ಟು ಜನ, ಯಾವ ವಯಸ್ಸು, ಏನು ಕೆಲಸ, ಎಷ್ಟು ಗಳಿಕೆ, ಮನೆಯಿಂದ ಕೆಲಸಕ್ಕೆ ಎಷ್ಟು ನಿಮಿಷ. ಇಷ್ಟು ಧಾರಾಳವಾಗಿ ಮನೆಯ ವಿಷಯ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕನ್ನಡಕ ಒರೆಸಿಕೊಂಡು ಕೂತೆ.

ಜನಸಂಖ್ಯೆ ನೋಡಿದೆ. ಒಂದು ಸಾಧಾರಣ ಮದುವೆ ಛತ್ರದಲ್ಲಿ ಮೂರು ಪಂಕ್ತಿಗೆ ಊಟ ಮುಗಿಸಿ ಕಳಿಸುವಷ್ಟು ಜನ. ಇಷ್ಟೇ ಯಾಕೆ? ಮಿಕ್ಕವರು ಎಲ್ಲಿಗೆ ಹೋದರು? ವಯಸ್ಸು ನೋಡಿದೆ, ಅರ್ಧ ಊರು ನನಗಿಂತ ಹಿರಿಯರು. ಹುಡುಗರು ಓಡಿಹೋಗುವ ಊರಿನಲ್ಲಿ ಏನೋ ದೋಷವಿರಬೇಕು. ಖಾಲಿ ಮನೆಗಳು ಬಹಳ. ದೆವ್ವವೋ ಸಾಲವೋ ಬರೆದಿಲ್ಲ. ಕೆಲಸಕ್ಕೆ ಹೋಗಲು ಹಿಡಿಯುವ ಸಮಯ ನಾನು ಕಿಲಿಮಾನಿಯಿಂದ ಹೊರಟು ವೆಸ್ಟ್‌ಲ್ಯಾಂಡ್ಸ್‌ನ ವೃತ್ತದ ಮಟಾಟು ಎಂಬ ಬಾಡಿಗೆ ವ್ಯಾನುಗಳ ನಡುವೆ ಹಾರ್ನ್ ಹೊಡೆಯುತ್ತಾ ನಿಂತಿರುವ ಸಮಯಕ್ಕಿಂತ ಕಡಿಮೆ. ಇದನ್ನಂತೂ ನಂಬಲೇ ಇಲ್ಲ. ಸುತ್ತ ಮೆಕ್ಕೆಜೋಳದ ಹೊಲ, ಒಂದು ಕೋಳಿಮಾಂಸದ ಕಾರ್ಖಾನೆ, ಒಂದು ಶಾಲೆ, ಮತ್ತು ನಮ್ಮ ವೃದ್ಧಾಶ್ರಮ. ಇವಿಷ್ಟೇ ಊರಿನ ಅನ್ನದ ದಾರಿಗಳು.

ಕೊನೆಗೆ ಸಿಕ್ಕಿತು ನೋಡಿ ನನಗೆ ಬೇಕಾದ ಹುಳುಕು. ಮನೆಯಲ್ಲಿ ಆಡುವ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಆದ ಮೇಲೆ ಕಟ್ಟಕಡೆಯಲ್ಲಿ ಒಂದು ಸಾಲು. ಗುಜರಾತಿ: ನಾಲ್ಕು ಜನ, ಹೆಚ್ಚುಕಡಿಮೆ ಆರು.

ಎಣಿಕೆ ನಾಲ್ಕಕ್ಕಿಂತ ಆರು ಹೆಚ್ಚೂ ಇರಬಹುದು, ಆರು ಕಡಿಮೆಯೂ ಇರಬಹುದು ಎಂದು ಅದರ ಅರ್ಥ. ನಾಲ್ಕರಲ್ಲಿ ಆರು ಕಳೆದರೆ ಮೈನಸ್ ಎರಡು. ಮೈನಸ್ ಎರಡು ಗುಜರಾತಿಗಳು ಒಂದು ಮನೆಯಲ್ಲಿ ಕೂತು ಯಾರ ಜೊತೆ ಏನು ಮಾತಾಡುತ್ತಾರೆ? ಎಲ್ಲ ಮನೆಗೂ ಹೋಗದೆ ಕೆಲವೇ ಮನೆಗಳನ್ನು ಕೇಳಿ ಇಡೀ ಊರನ್ನು ಅಂದಾಜು ಮಾಡಿದರೆ ಹೀಗಾಗುತ್ತದೆ ಎಂದು ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ. ಆದರೆ ಮರ್ಸಿಯ ವಿಷಯಕ್ಕೆ ಬಂದಾಗ ಆ ಪಾಠ ನನಗೆ ರುಚಿಸಲಿಲ್ಲ. ಅಲ್ಲಿ ಗುಜರಾತಿಗಳೂ ಇಲ್ಲ, ಆ ಊರೂ ಇಲ್ಲ, ಇದೆಲ್ಲ ಯಾರೋ ಕೂತು ಬರೆದದ್ದು ಎಂದು ಮಾಮಾ ಮರ್ಸಿಗೆ ಹೇಳಿಯೇಬಿಟ್ಟೆ. ಅವಳ ಮುಖ ಸಪ್ಪಗಾಯಿತು. ಮರ್ಸಿ ಬಿಡಿಸಿದ್ದ ಸೊಪ್ಪನ್ನು ಇನ್ನೊಮ್ಮೆ ಬಿಡಿಸತೊಡಗಿದಳು.

ಆದರೂ ವೃದ್ಧಾಶ್ರಮದ ಹಿರಿಯ ನರ್ಸಮ್ಮ ವಿಡಿಯೊ ಕರೆಯಲ್ಲಿ ಮಾತಾಡುವುದೆಂದು ಮೊದಲೇ ನಿಗದಿಯಾಗಿತ್ತು. ಕರೆಯ ದಿನ ಮಧ್ಯಾಹ್ನ ನಮ್ಮ ಊಟದ ಮೇಜಿನ ಮುಂದೆ ಮರ್ಸಿ, ಅವಳ ಒಂದು ಪಕ್ಕಕ್ಕೆ ತಾಯಿ, ಇನ್ನೊಂದು ಪಕ್ಕಕ್ಕೆ ಕ್ಯಾಮೆರಾಕ್ಕೆ ಕಾಣದಂತೆ ನಾನು. ಅದು ಅವಳ ಕೆಲಸದ ಮಾತುಕತೆ ಎಂಬುದು ನನಗೆ ಮರೆತೇಹೋಗಿತ್ತು. ದೊಡ್ಡಪ್ಪ ಮೈಮೇಲೆ ಬಂದಿದ್ದರು.

"ನೀರು ಹೇಗಂತೆ ಕೇಳು," ಎಂದು ಪಿಸುಗುಟ್ಟಿದೆ.

"ಸುಮ್ನಿರಿ ಆಂಟಿ," ಎಂದಳು ಮರ್ಸಿ ತುಟಿ ಅಲುಗಿಸದೆ. ಆದರೂ ಕೇಳಿದಳು. ನೀರು ಚೆನ್ನಾಗಿದೆಯಂತೆ.

"ಮನೆಗಳು ಯಾಕೆ ಖಾಲಿ ಕೇಳು."

ಮಕ್ಕಳು ದೊಡ್ಡ ಊರುಗಳಿಗೆ ಹೋದರು, ಮನೆ ಬಿಟ್ಟು ತಂದೆತಾಯಿ ನಮ್ಮ ಆಶ್ರಮಕ್ಕೆ ಬಂದರು, ಅದಕ್ಕೇ ನಿಮ್ಮನ್ನು ಕರೆಯುತ್ತಿದ್ದೇವೆ ಎಂದರು ಆಕೆ. ಮುಚ್ಚುಮರೆ ಇರಲಿಲ್ಲ. ನನಗೆ ಇನ್ನೂ ಕೋಪ ಬಂತು.

"ಗುಜರಾತಿ! ಗುಜರಾತಿಗಳು ಎಲ್ಲಿ ಕೇಳು!" ಈ ಸಲ ಪಿಸುಮಾತು ಪಿಸುಮಾತಾಗಿ ಉಳಿಯಲಿಲ್ಲ.

ನರ್ಸಮ್ಮ ನಕ್ಕರು. ಒಬ್ಬರೇ ಇರುವುದು, ಹೆದ್ದಾರಿಯ ಪಕ್ಕದ ಲಾಡ್ಜಿನ ಮಾಲೀಕರು ಎಂದರು. ದಿನಾ ಬೆಳಿಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತಾ ಇಂಡಿಯಾದಲ್ಲಿರುವ ತಾಯಿಯ ಜೊತೆ ಫೋನಿನಲ್ಲಿ ಒಂದು ಗಂಟೆ ಮಾತಾಡುತ್ತಾರಂತೆ. ಎಷ್ಟು ಜೋರೆಂದರೆ ಬೀದಿಗೆಲ್ಲ ಕೇಳುತ್ತದಂತೆ. ಒಂದು ದಿನ ಧ್ವನಿ ಕೇಳದಿದ್ದರೆ ಎದುರು ಮನೆಯ ಮುದುಕಿ ಹೋಗಿ, ಅಮ್ಮ ಹುಷಾರಾಗಿದ್ದಾರಾ ಎಂದು ವಿಚಾರಿಸಿಕೊಂಡು ಬರುತ್ತಾಳಂತೆ.

ಅಷ್ಟರಲ್ಲಿ ಆಕೆಯೇ ಕೇಳಿದರು: "ನಿಮ್ಮ ಪಕ್ಕದಲ್ಲಿ ಇಷ್ಟು ಹೊತ್ತೂ ಮಾತಾಡುತ್ತಿರುವವರು ಯಾರು?" ಮರ್ಸಿ ನನ್ನ ಕಡೆ ತಿರುಗಿಯೂ ನೋಡದೆ, "ನಮ್ಮ ಮನೆಯ ಹಿರಿಯರು. ನನ್ನನ್ನು ಕಳಿಸಲು ಅವರಿಗೆ ಇಷ್ಟವಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ಕರೆ ಮುಗಿಯಿತು. ಮರ್ಸಿ ಎದ್ದು ಬಾಲ್ಕನಿಗೆ ಹೋದಳು. ಮಾಮಾ ಮರ್ಸಿ ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು. ಇಪ್ಪತ್ತು ವರ್ಷದಲ್ಲಿ ಅವಳು ಹಾಗೆ ಕೂತದ್ದು, ಅತ್ತೆ ತೀರಿಕೊಂಡ ದಿನ ಬಿಟ್ಟರೆ, ಅದೇ ಮೊದಲು.

"ಮಾಮಾ ಅನಿ, ಗುಜರಾತಿ ಸಿಕ್ಕಿದ. ನೀರೂ ಸಿಕ್ಕಿತು. ಈಗ ನಿಜ ಹೇಳು. ನಿನಗೆ ಅನುಮಾನ ಊರಿನ ಮೇಲಾ? ಅಥವಾ ಇವಳು ಹೋದ್ರೆ ನಿನ್ನ ಭಾಷೇಲಿ ನಿನ್ನ ಜೊತೆ ಮಾತಾಡೋರು ಯಾರು ಅಂತಾನಾ?"

ಜನ್ಮದಲ್ಲಿ ಎಷ್ಟೋ ಅಂಕಿಗಳ ಬುಡ ತಿರುಗಿಸಿ ನೋಡಿದ್ದೇನೆ. ನನ್ನ ಬುಡವನ್ನು ಹೀಗೆ ಯಾರೂ ತಿರುಗಿಸಿ ನೋಡಿರಲಿಲ್ಲ. ಸುಳ್ಳು ಹೇಳೋಣ ಎಂದುಕೊಂಡೆ, ಬಾಯಿ ಬರಲಿಲ್ಲ. "ಹೌದು ಕಣೇ," ಎಂದೆ ಕನ್ನಡದಲ್ಲೇ, ಮತ್ತು ಅತ್ತುಬಿಟ್ಟೆ. ಮಗ ಮಾತಾಡುವುದು ಇಂಗ್ಲಿಷ್, ಗಂಡ ಮಾತಾಡುವುದೇ ಇಲ್ಲ. ಈ ಮನೆಯಲ್ಲಿ ನಾನು "ಏನೇ ಇದು" ಎಂದರೆ "ಏನಿಲ್ಲ ಬಿಡಿ ಆಂಟಿ" ಎನ್ನುವವಳು ಮರ್ಸಿ ಒಬ್ಬಳೇ. ನನಗೆ ಅವಳು ಬೇಕಿತ್ತು, ಅಷ್ಟೇ. ಅದಕ್ಕಾಗಿ ಒಂದು ಇಡೀ ಊರನ್ನೇ ಇಲ್ಲ ಎನ್ನಿಸಿಬಿಡಲು ಹೊರಟಿದ್ದೆ.

"ಪೋಲೆ," ಎಂದಳು ಮಾಮಾ ಮರ್ಸಿ. ಪಾಪ ಎನ್ನುವುದಕ್ಕೂ ಸಮಾಧಾನ ಮಾಡಿಕೋ ಎನ್ನುವುದಕ್ಕೂ ಇಲ್ಲಿ ಅದೇ ಮಾತು. ಆಮೇಲೆ, "ನಾನು ಅವಳ ತಾಯಿ. ನನಗೂ ಕಳಿಸೋಕೆ ಇಷ್ಟ ಇಲ್ಲ. ಆದ್ರೆ ನಾನು ಅದಕ್ಕೆ ಲೆಕ್ಕ ತೋರಿಸ್ಲಿಲ್ಲ," ಎಂದಳು.

ಕಣ್ಣೊರೆಸಿಕೊಂಡು ಬಾಲ್ಕನಿಗೆ ಹೋದೆ. "ಹೋಗು ಮರ್ಸಿ. ಊರು ಚೆನ್ನಾಗಿದೆ. ನಾನೇ ಕೆಟ್ಟವಳು," ಎಂದೆ. ಅವಳು ಅತ್ತೆಯ ಹಾಗೆಯೇ ಕೈಬೀಸಿ, "ಅಯ್ಯೋ ಸಾಕು, ಕಾಫಿ ಮಾಡ್ತೀನಿ, ಕುಡೀರಿ," ಎಂದಳು.

ಹೋದಳು. ಈಗ ಒಂದೂವರೆ ವರ್ಷವಾಯಿತು. ಮೊದಲು ತಾಯಿಗೆ ಫೋನು, ಆಮೇಲೆ ನನಗೆ. ಅಲ್ಲಿನ ಮುದುಕಿಯರಿಗೆ ಸೊಂಟ ಹಿಡಿದರೆ ಇವಳ ಬಾಯಿಂದ "ಅಯ್ಯೋ ಶಿವನೇ" ಹೊರಡುತ್ತದಂತೆ, ಈಗ ಅವರಲ್ಲಿ ಇಬ್ಬರು ಅದನ್ನು ಕಲಿತಿದ್ದಾರಂತೆ. ಕೆಲಸಕ್ಕೆ ಹೋಗಲು ಆರೇ ನಿಮಿಷವಂತೆ. ಅದನ್ನು ಮಾತ್ರ ನಾನು ಈಗಲೂ ನಂಬಿಲ್ಲ.

ಹೋದ ತಿಂಗಳು ಅವಳ ಮನೆಗೆ ಸರ್ಕಾರದ ಒಂದು ಪ್ರಶ್ನೆಪತ್ರಿಕೆ ಬಂತು. ಕೆಲವೇ ಮನೆಗಳನ್ನು ಆರಿಸಿ ಕಳಿಸುತ್ತಾರಲ್ಲ, ಅದೇ. ಫೋನು ಮಾಡಿದಳು.

"ಆಂಟಿ, ಮನೇಲಿ ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆ ಮಾತಾಡ್ತೀರಾ ಅಂತ ಕೇಳಿದ್ದಾರೆ. ಖಾನೆ ಒಂದೇ ಇದೆ. ನಾನಿಲ್ಲಿ ಒಬ್ಳೇ ಇರೋದು. ಮನೇಲಿ ಮಾತಾಡೋದು ಅಂದ್ರೆ ಅಮ್ಮನ ಜೊತೆ, ನಿಮ್ಮ ಜೊತೆ, ಅದೂ ಫೋನಲ್ಲಿ. ಏನು ಬರೀಲಿ?"

ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಮಾಮಾ ಮರ್ಸಿ ಚಪಾತಿ ಲಟ್ಟಿಸುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ ಎಂದು ನಾನು ಇಪ್ಪತ್ತು ವರ್ಷದಿಂದ ತಿಳಿದಿದ್ದೇನೆ, ಆದರೆ ಲಟ್ಟಣಿಗೆ ನಿಂತುಬಿಟ್ಟಿತು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, "ಅಮ್ಮನ ಭಾಷೆ ಬರಿ ಮಗಳೇ. ಗಿಕುಯು ಅಂತ ಬರಿ," ಎಂದೆ. ಲಟ್ಟಣಿಗೆ ಮತ್ತೆ ಉರುಳಿತು.

ಮಾರನೆಯ ದಿನ, "ಬರೆದೆಯಾ?" ಎಂದು ಕೇಳಿದೆ.

"ಹ್ಞೂಂ, ಕಳಿಸಾಯ್ತು."

"ಏನು ಬರೆದೆ?"

"ಉತ್ತರ ಗುಟ್ಟಾಗಿ ಇಡ್ತೀವಿ ಅಂತ ಅವ್ರೇ ಬರ್ದಿದ್ದಾರೆ ಆಂಟಿ. ನಾನ್ಯಾಕೆ ಹೇಳ್ಲಿ?" ಎಂದು ನಕ್ಕಳು, ಥೇಟ್ ನಮ್ಮ ಅತ್ತೆಯ ನಗು.

ಮಗಳು ಗಿಕುಯು ಎಂದೇ ಬರೆದಿದ್ದಾಳೆ ಎನ್ನುವುದರಲ್ಲಿ ಮಾಮಾ ಮರ್ಸಿಗೆ ಸಂಶಯವಿಲ್ಲ. ನನಗೆ ಇದೆ. ಆ ಊರಿನ ಪುಟವನ್ನು ಈಗ ದಿನಾ ಕಾಫಿಯ ಹೊತ್ತಿಗೆ ತೆರೆದು ನೋಡುತ್ತೇನೆ. ಹೊಸ ಅಂಕಿಗಳು ಬರಲು ಇನ್ನೂ ಬಹಳ ಕಾಲ ಬೇಕು ಎಂದು ನನಗೇ ಚೆನ್ನಾಗಿ ಗೊತ್ತು. ಬಂದಾಗ ಪಟ್ಟಿಯ ಕಟ್ಟಕಡೆಯಲ್ಲಿ ಗಿಕುಯು ಇದ್ದರೆ ಲಟ್ಟಣಿಗೆಯವಳನ್ನು ಕರೆದು ತೋರಿಸುತ್ತೇನೆ. ಒಂದು ವೇಳೆ ಅಲ್ಲಿ "ಕನ್ನಡ: ನಾಲ್ಕು ಜನ, ಹೆಚ್ಚುಕಡಿಮೆ ಆರು" ಎಂದಿದ್ದರೆ, ಬುಡ ತಿರುಗಿಸಿ ನೋಡದೆ ನಂಬಿಬಿಡುತ್ತೇನೆ.