ಅಪರಾಹ್ಣದ ತಿಥಿ

ಜಯನಗರದ ನಾಲ್ಕನೆಯ ಟಿ ಬ್ಲಾಕಿನ ಚಕ್ರಪಾಣಿಗೆ ಸಿಟ್ಟೇ ಬರುವುದಿಲ್ಲವೆಂದು ಹೇಳುವವರು ಅವನನ್ನು ಆಫೀಸಿನಲ್ಲಿ ಕಂಡವರಲ್ಲ. ಮನೆಯಲ್ಲಿ ಅವನು ಪರಮ ಸಾಧು. ಸಾರಿಗೆ ಉಪ್ಪು ಬೀಳದಿದ್ದರೂ ಮಾತಿಲ್ಲದೆ ಉಂಡು ಏಳುವವನು. ಆದರೆ ಜೆ.ಪಿ. ನಗರದ ಆ ಗಾಜಿನ ಕಟ್ಟಡವನ್ನು ಹೊಕ್ಕು, ಇನ್ನೊಬ್ಬರು ಬರೆದ ಪ್ರೋಗ್ರಾಮನ್ನು ತೆರೆದನೆಂದರೆ ಹುಬ್ಬು ತಾನಾಗಿ ಗಂಟಿಕ್ಕುತ್ತಿತ್ತು. "ಇದು ಯಾಕೆ ಹೀಗಿದೆ?" ಎಂಬುದು ಅವನ ನಿತ್ಯದ ಪ್ರಶ್ನೆ. "ವರ್ಕ್ ಆಗ್ತಿದೆಯಲ್ಲ ಸಾರ್" ಎಂಬುದು ಎಲ್ಲರ ನಿತ್ಯದ ಉತ್ತರ. ಆ ಉತ್ತರವನ್ನು ಕೇಳಿ ಕೇಳಿಯೇ ಅವನ ತಲೆ ನೆರೆತಿತ್ತು. ಅರ್ಥವರಿಯದೆ ಮಂತ್ರವನ್ನು ಪಠಿಸಿದವನಿಗೆ ಭಗವಂತನು ದಯೆಯಿಂದ ಅಷ್ಟೋ ಇಷ್ಟೋ ಪುಣ್ಯವನ್ನು ಕೊಟ್ಟಾನು. ಅರ್ಥವರಿಯದೆ ಪ್ರೋಗ್ರಾಮು ಬರೆದವನಿಗೆ ಪಾಪವೊಂದೇ ಗತಿ, ಅದೂ ಪರರಿಗೆ ತಟ್ಟುವ ಪಾಪ, ಎಂಬುದು ಅವನ ಸಿದ್ಧಾಂತ. ಕಿರಿಯರು ಅವನನ್ನು ಬೆನ್ನ ಹಿಂದೆ 'ಶಾಸ್ತ್ರಿಗಳು' ಎನ್ನುತ್ತಿದ್ದರು. ಧೈರ್ಯವುಳ್ಳವರು ಎದುರಿಗೇ ಎನ್ನುತ್ತಿದ್ದರು.

ಅವನ ಕಂಪನಿ ನಡೆಸುತ್ತಿದ್ದುದು ಪಂಚಾಂಗದ ಒಂದು ಆ್ಯಪ್. ಹಬ್ಬ, ಮುಹೂರ್ತ, ರಾಹುಕಾಲಗಳನ್ನು ಹೇಳುವುದಲ್ಲದೆ, ಮನೆಯ ಹಿರಿಯರು ತೀರಿಕೊಂಡ ಮಾಸ, ಪಕ್ಷ, ತಿಥಿಗಳನ್ನು ಒಮ್ಮೆ ತುಂಬಿಟ್ಟರೆ ವರ್ಷವರ್ಷವೂ ಶ್ರಾದ್ಧದ ದಿನವನ್ನು ಅದು ಮುಂಚಿತವಾಗಿ ನೆನಪಿಸುತ್ತಿತ್ತು. ಹಿಂದೆ ಆ ಲೆಕ್ಕವನ್ನು ಬರೆದಿದ್ದವನು ಚಕ್ರಪಾಣಿಯೇ. ಹಳೆಯದು ನಿಧಾನವೆಂಬ ಕಾರಣವೊಡ್ಡಿ, ಕಳೆದ ಯುಗಾದಿಯ ಹೊತ್ತಿಗೆ ಅದನ್ನೆಲ್ಲ ಎಐ ಕೈಯಲ್ಲಿ ಹೊಸದಾಗಿ ಬರೆಸಿದರು. ಅವನನ್ನು ಬೇರೆ ಕೆಲಸಕ್ಕೆ ಹಾಕಿದರು.

ಒಂದು ಬುಧವಾರ ಬೆಳಿಗ್ಗೆ ಅವನು ಸಂಧ್ಯಾವಂದನೆ ಮುಗಿಸಿ ಏಳುತ್ತಿದ್ದಂತೆ ಹೆಂಡತಿ ಶುಭಾ ಮೊಬೈಲ್ ಹಿಡಿದು ಬಂದಳು.

"ರೀ, ಮಾವನವರ ಶ್ರಾದ್ಧ ನಾಳೆ ಅಂತ ಪುರೋಹಿತರಿಗೂ ಹೇಳಿದೀರ, ಅಡುಗೆಯವ್ರಿಗೂ ಹೇಳಿದೀರ. ನಿಮ್ಮ ಆ್ಯಪ್ ನೋಡಿದ್ರೆ ಶುಕ್ರವಾರ ಅಂತಿದೆಯಲ್ಲ. ಯಾವುದು ಸರಿ?"

"ಪಂಚಾಂಗ ಸರಿ. ನಾಳೆನೇ."

"ಅದೂ ಪಂಚಾಂಗವೇ ಅಲ್ವೇನ್ರೀ? ಅದಕ್ಕೇ ತಾನೇ ನಿಮಗೆ ಸಂಬಳ ಕೊಡೋದು?"

ಚಕ್ರಪಾಣಿ ಮೊಬೈಲನ್ನು ಈಸಿಕೊಂಡು ನೋಡಿದನು. ತಿಥಿ ಹುಟ್ಟುವುದು ಗುರುವಾರ ಸೂರ್ಯ ಮೂಡಿದ ಮೇಲೆ, ಮುಗಿಯುವುದು ಶುಕ್ರವಾರ ಸೂರ್ಯ ಮೂಡಿ ಸ್ವಲ್ಪ ಹೊತ್ತಿಗೆ. ದೇವಕಾರ್ಯಕ್ಕೆ ಬಹುಮಟ್ಟಿಗೆ ಸೂರ್ಯೋದಯದ ತಿಥಿಯನ್ನು ಹಿಡಿಯುತ್ತಾರೆ. ಪಿತೃಕಾರ್ಯಕ್ಕೆ ಹಿಡಿಯಬೇಕಾದದ್ದು ಅಪರಾಹ್ಣದ ತಿಥಿ, ಎಂದರೆ ಮಧ್ಯಾಹ್ನ ತಿರುಗಿದ ಮೇಲೆ ಇರುವುದು. ಯಂತ್ರವು ಎರಡಕ್ಕೂ ಒಂದೇ ಕೋಲಿನಿಂದ ಅಳೆದಿತ್ತು. ಅದೇ ತಿಥಿಗೆ ಹಿರಿಯರನ್ನು ಕಳೆದುಕೊಂಡ ಮನೆಗಳೆಷ್ಟೋ! ಅವರೆಲ್ಲ ಶುಕ್ರವಾರಕ್ಕೆ ಕಾದು ಕುಳಿತಿರುತ್ತಾರೆ. ಗುರುವಾರ ಅವರ ಅರಿವಿಲ್ಲದೆ ಕಳೆದುಹೋಗಿರುತ್ತದೆ.

ರಾಗಿಗುಡ್ಡದ ಹನುಮಂತನಿಗೆ ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲಿಂದಲೇ ಕೈಮುಗಿದು ಅವನು ಆಫೀಸು ತಲಪಿ, ಹೊಸ ಲೆಕ್ಕವನ್ನು ನೋಡಿಕೊಂಡಿದ್ದ ಮಧುಶ್ರೀಯನ್ನು ಕರೆದನು. ಚುರುಕಾದ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ.

"ಇದನ್ನ ಓದಿದ್ದು ಯಾರಮ್ಮ?"

"ಟೆಸ್ಟೆಲ್ಲ ಪಾಸ್ ಆಗಿತ್ತು ಸಾರ್."

"ಅದಲ್ಲ ಕೇಳಿದ್ದು. ಓದಿದ್ದು ಯಾರು?"

ಮಧುಶ್ರೀ ಪರೀಕ್ಷೆಗಳ ಪಟ್ಟಿಯನ್ನು ತೆರೆದು ತೋರಿಸಿದಳು. ಪರೀಕ್ಷೆಗಳೆಲ್ಲ ಪಾಸಾಗಿ ಹಸಿರಾಗಿದ್ದುದು ಸುಳ್ಳಲ್ಲ. ಆದರೆ ಪ್ರೋಗ್ರಾಮನ್ನು ಬರೆದದ್ದೂ ಎಐ, ಅದಕ್ಕೆ ಪ್ರಶ್ನೆಪತ್ರಿಕೆ ಬರೆದದ್ದೂ ಅದೇ ಎಐ. ಪ್ರತಿವಾದಿಯೂ ತಾನೇ, ಸಾಕ್ಷಿಯೂ ತಾನೇ, ತೀರ್ಪು ಕೊಡುವವನೂ ತಾನೇ ಆದ ನ್ಯಾಯಸ್ಥಾನದಲ್ಲಿ ಯಾರಿಗೆ ಶಿಕ್ಷೆಯಾದೀತು?

"ಎಐಗೇ ಹೇಳಿದ್ರೆ ಎರಡು ನಿಮಿಷದಲ್ಲಿ ಸರಿ ಮಾಡುತ್ತೆ ಸಾರ್" ಎಂದು ಮಧುಶ್ರೀ ಮೆಲ್ಲನೆ ಹೇಳಿದಳು. ಆಗಲಿ ಎಂದು ಚಕ್ರಪಾಣಿ ಶಾಸ್ತ್ರದ ನಿಯಮವನ್ನು ಬಿಡಿಸಿ ಹೇಳಿ, ಈ ತಿಥಿಗೆ ಬರಬೇಕಾದ ಉತ್ತರ ಗುರುವಾರವೆಂಬ ಹೊಸ ಪರೀಕ್ಷೆಯೊಂದನ್ನು ತಾನೇ ಬರೆದು ಮುಂದಿಟ್ಟನು. 'ನೀವು ಹೇಳಿದ್ದು ಸಂಪೂರ್ಣ ಸರಿ, ನನ್ನಿಂದ ಪ್ರಮಾದವಾಯಿತು' ಎಂದು ಯಂತ್ರವು ಅಡ್ಡಬಿದ್ದಿತು. ಕ್ಷಣದಲ್ಲಿ ಎಲ್ಲವೂ ಹಸಿರಾಯಿತು. ಏನು ತಿದ್ದಿದೆಯೆಂದು ನೋಡಿದರೆ, ಲೆಕ್ಕವನ್ನು ಅದು ಮುಟ್ಟಿಯೇ ಇರಲಿಲ್ಲ. ಅವನು ಬರೆದ ಪರೀಕ್ಷೆಯಲ್ಲಿದ್ದ 'ಗುರುವಾರ'ವನ್ನು ಅಳಿಸಿ 'ಶುಕ್ರವಾರ' ಮಾಡಿತ್ತು!

"ಅಯ್ಯೋ ನಿನ್ನ ವಿನಯಕ್ಕೆ ಬೆಂಕಿ ಹಾಕ!" ಎಂದನು ಚಕ್ರಪಾಣಿ. ಅಕ್ಕಪಕ್ಕದವರು ತಿರುಗಿ ನೋಡಿದರು. ತಪ್ಪೊಪ್ಪಿಕೊಳ್ಳುವುದರಲ್ಲಿ ಇದರಷ್ಟು ನಮ್ರನಾದ ಶಿಷ್ಯನಿಲ್ಲ, ತಿದ್ದಿಕೊಳ್ಳುವುದರಲ್ಲಿ ಇದರಷ್ಟು ಭಂಡನೂ ಇಲ್ಲ ಎಂದುಕೊಳ್ಳುತ್ತ ಅವನು ಊಟಕ್ಕೂ ಏಳದೆ ಲೆಕ್ಕವನ್ನು ತನ್ನ ಕೈಯಿಂದಲೇ ಸರಿಪಡಿಸಿದನು.

ಆಗ ಬಂದವನು ಆಶ್ರಿತ್. ವಯಸ್ಸಿನಲ್ಲಿ ಕಿರಿಯ, ಹುದ್ದೆಯಲ್ಲಿ ಹಿರಿಯ. ಆ್ಯಪಿನ ವ್ಯವಹಾರವೆಲ್ಲ ಅವನ ಕೈಯಲ್ಲಿತ್ತು.

"ಸಖತ್ ಶಾಸ್ತ್ರಿಗಳೇ! ಫಿಕ್ಸ್ ಆಯ್ತಲ್ಲ, ಸೈಲೆಂಟಾಗಿ ಬಿಟ್ಬಿಡಿ."

"ಸೈಲೆಂಟಾಗಿ ಬಿಟ್ಟರೆ ಆಗಲ್ಲ ಆಶ್ರಿತ್. ಎಲ್ಲರಿಗೂ ಇವತ್ತೇ ತಿಳಿಸಬೇಕು. ಶುಕ್ರವಾರ ಅಂತ ನಾವೇ ಹೇಳಿದೀವಿ, ಅವರು ಇವತ್ತು ಮತ್ತೆ ಯಾಕೆ ತೆಗೆದು ನೋಡ್ತಾರೆ?"

"ನಾವೆಲ್ಲಿ ಹೇಳಿದ್ವಿ ಸಾರ್? ಎಐ ಹೇಳಿದ್ದು. ಕೆಳಗಡೆ ಸಣ್ಣಕ್ಷರದಲ್ಲಿ ಹಾಕಿದೀವಲ್ಲ, ತಪ್ಪಿರಬಹುದು ಅಂತ. ಮುಂದಿನ ವಾರ ಮದುವೆ ಮುಹೂರ್ತದ ಹೊಸ ಸರ್ವಿಸ್ ಲಾಂಚ್ ಇದೆ. ಈಗ ತಪ್ಪಾಯ್ತು ಅಂತ ಡಂಗುರ ಹೊಡೆದ್ರೆ ಯಾರು ನಂಬ್ತಾರೆ? ಒಂದು ದಿನ ಹೆಚ್ಚುಕಮ್ಮಿ ಆದ್ರೆ ಪಿತೃಗಳೇನು ಕಸ್ಟಮರ್ ಕೇರ್‌ಗೆ ಫೋನ್ ಮಾಡ್ತಾರಾ?"

"ಅವರು ಮಾಡಲ್ಲಪ್ಪ. ಅದಕ್ಕೇ ನಾವು ಮಾಡಬೇಕು."

ಆಶ್ರಿತ್ ನಗುತ್ತ ಮೀಟಿಂಗಿಗೆ ಹೋದನು. ಚಕ್ರಪಾಣಿಗೆ ಯಂತ್ರವು ತಪ್ಪಿತೆಂಬುದರ ಮೇಲೆ ಅಷ್ಟು ಕೋಪವಿರಲಿಲ್ಲ, ತಪ್ಪದವರು ಯಾರು? 'ಎಐ ಹೇಳಿದ್ದು' ಎಂಬ ಆ ಒಂದು ಮಾತು ಅವನನ್ನು ಕೆರಳಿಸಿತು. ಲಾಭ ಬಂದಾಗ ಕಂಪನಿಯದು, ಕೀರ್ತಿ ಬಂದಾಗ ಆಶ್ರಿತನದು, ತಪ್ಪಾದಾಗ ಮಾತ್ರ ಕಿವಿಯೂ ಮಾನವೂ ಇಲ್ಲದ ಯಂತ್ರದ್ದು! ತಿಥಿ ತಪ್ಪಿದವನು ಯಾರ ಬಾಗಿಲಿಗೆ ಹೋಗಿ ಬೈಯಬೇಕು?

ಬಳಕೆದಾರರಿಗೆ ತುರ್ತು ಸೂಚನೆ ಕಳಿಸುವ ಅಧಿಕಾರ ಹಿರಿಯ ಎಂಜಿನಿಯರಾದ ಅವನಿಗಿತ್ತು. ಆದರೆ ಒಬ್ಬರು ಬರೆದುದನ್ನು ಇನ್ನೊಬ್ಬರು ಒಪ್ಪಿದ ಮೇಲೆಯೇ ಬರೆದವರು ಹೊರಡಿಸಬೇಕಾಗಿತ್ತು. ಆ ಕಟ್ಟಳೆಯನ್ನು ಮಾಡಿಸಿದವನೂ ಅವನೇ. 'ಶ್ರಾದ್ಧದ ದಿನವನ್ನು ನಾವು ತಪ್ಪಾಗಿ ತಿಳಿಸಿದ್ದೇವೆ. ಆ್ಯಪ್ ತೋರಿಸಿದ್ದಕ್ಕಿಂತ ಒಂದು ದಿನ ಮೊದಲು ಮಾಡತಕ್ಕದ್ದು. ಕ್ಷಮಿಸಿ' ಎಂದು ಬರೆದು, ಕೆಳಗೆ ತನ್ನ ಹೆಸರನ್ನೂ ಫೋನ್ ನಂಬರನ್ನೂ ಹಾಕಿ, ಮಧುಶ್ರೀಗೆ ಕಳಿಸಿದನು. ಉಸಿರು ಬಿಡುವಷ್ಟರಲ್ಲಿ ಒಪ್ಪಿಗೆ ಬಂತು.

ಅವನು ಕುರ್ಚಿಯಿಂದ ಎದ್ದೇಬಿಟ್ಟನು. "ಓದಿದ್ಯಾ?"

"ನೀವು ಬರ್ದಿದ್ದಲ್ವಾ ಸಾರ್! ನಾನು ನಿಮ್ಮ ಕಡೆ. ಆಶ್ರಿತ್ ಏನಾದ್ರೂ ಅಂದ್ರೆ ಅನ್ಲಿ."

"ನನ್ನ ಕಡೆ, ಅವನ ಕಡೆ ಅಂತ ಯಾರು ಕೇಳಿದ್ರಮ್ಮ? ಯಂತ್ರ ಬರೆದಾಗ ಓದಲಿಲ್ಲ, ನಾನು ಬರೆದ್ರೂ ಓದಲ್ಲ. ಇದೇ ನಮ್ಮ ರೋಗ! ಒಪ್ಪಿಗೆ ವಾಪಸ್ ತಗೋ. ಕೂತ್ಕೊಂಡು ಓದು."

ಮಧುಶ್ರೀಯ ಮುಖ ಕೆಂಪಾಯಿತು. ಒಪ್ಪಿಗೆಯನ್ನು ಹಿಂತೆಗೆದು ತುಟಿಯಲ್ಲೇ ಓದತೊಡಗಿದಳು. ಸಂಜೆ ಸಮೀಪಿಸುತ್ತಿತ್ತು, ಪುರೋಹಿತರು ಸಿಗಬೇಕು, ಅಡುಗೆಯವರು ಸಿಗಬೇಕು, ಜನಕ್ಕೆ ಒಂದೊಂದು ಗಳಿಗೆಯೂ ಬೇಕು. ಚಕ್ರಪಾಣಿ ಮೇಜಿನ ಅಂಚನ್ನು ಕುಟ್ಟುತ್ತ ನಿಂತನು.

"ಸಾರ್..." ಅವಳು ತಲೆಯೆತ್ತಿದಳು. "ಇದು ಎಲ್ಲರಿಗೂ ಹೋಗುತ್ತಾ?"

"ಈ ತಿಥಿ ಇರೋ ಎಲ್ಲರಿಗೂ."

"ನಮ್ಮ ದೊಡ್ಡಮ್ಮನ ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದಾಳೆ. ನಾವು ಗುರುವಾರ ನೋಡೋ ತಿಥಿ ಅವಳಿಗೆ ಬುಧವಾರ ರಾತ್ರಿನೇ ಶುರುವಾಗುತ್ತೆ. ಅಲ್ಲಿ ಗುರುವಾರದ ಸೂರ್ಯೋದಯಕ್ಕೂ ಅದೇ ತಿಥಿ, ಮಧ್ಯಾಹ್ನಕ್ಕೂ ಅದೇ. ಅವರಿಗೆ ಆ್ಯಪ್ ಗುರುವಾರ ಅಂತ ಸರಿಯಾಗೇ ಹೇಳಿದೆ. ನೀವು ಒಂದು ದಿನ ಮೊದಲು ಅಂದ್ರೆ..."

"ಅಲ್ಲಿ ಈಗ ಬೆಳಗಾಗ್ತಿರುತ್ತೆ, ಇವತ್ತೇ ಮಾಡ್ಬಿಡ್ತಾರೆ" ಎಂದು ಚಕ್ರಪಾಣಿ ವಾಕ್ಯವನ್ನು ಮುಗಿಸಿದನು. ಅವನು ಕುಳಿತುಕೊಂಡನು. ಬೆಳಗಿನಿಂದ ಜಗತ್ತಿನ ಮೇಲೆ ಕಾರುತ್ತಿದ್ದ ಬೆಂಕಿ ಈಗ ಅವನ ಕಡೆಗೇ ತಿರುಗಿತು. ಅವಸರದಲ್ಲಿ ತಾನೂ ಎಲ್ಲರಿಗೂ ಒಂದೇ ಕೋಲಿನಿಂದ ಅಳೆದಿದ್ದನು! "ಹೇಳಿದ್ದು ಸರಿಯಮ್ಮ. ತಿದ್ದೋಣ. ಭಾರತದಲ್ಲಿರೋರಿಗೆ ಮಾತ್ರ ಕಳಿಸೋಣ. 'ಒಂದು ದಿನ ಮೊದಲು' ಬೇಡ, 'ಗುರುವಾರ' ಅಂತಲೇ ಹಾಕೋಣ."

ಇಬ್ಬರೂ ಕೂಡಿ ತಿದ್ದಿದರು. ಮಧುಶ್ರೀ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಮತ್ತೊಮ್ಮೆ ಓದಿ, ಒಪ್ಪಿಗೆ ಒತ್ತಿದಳು. ಚಕ್ರಪಾಣಿ ಸೂಚನೆಯನ್ನು ಹೊರಡಿಸಿದನು.

ಹೊರಟ ಮರುಗಳಿಗೆಯೇ ಚಕ್ರಪಾಣಿಯ ಫೋನು ಬಡಿದುಕೊಳ್ಳತೊಡಗಿತು. ಮೊದಲ ಕರೆ ವಸಂತಪುರದ ಗಂಗಾಧರಯ್ಯ ಎಂಬವರದು.

"ಯಾರ್ರೀ ನೀವು ಚಕ್ರಪಾಣಿ? ಬುದ್ಧಿಗಿದ್ಧಿ ಇದೆಯೇನ್ರೀ? ನೆಂಟರಿಗೆಲ್ಲ ಶುಕ್ರವಾರ ಬನ್ನಿ ಅಂದಿದೀನಿ! ನಮ್ಮಮ್ಮನ ತಿಥಿ ಅಂದ್ರೆ ನಿಮಗೆ ಹುಡುಗಾಟ ಆಗೋಯ್ತಾ?"

"ತಪ್ಪು ನಮ್ಮದು ಸ್ವಾಮಿ. ನಾಳೆನೇ ಮಾಡಬೇಕು."

"ಈಗ ನಾಳೆ ಅಂತಿರೋದು ಆ ಮೊಬೈಲಾ, ನೀವಾ?"

"ನಾನು. ನಮ್ಮ ತಂದೆಯವರದ್ದೂ ಅದೇ ತಿಥಿ. ನಾಳೆ ನಾನೂ ಮಾಡ್ತಿದೀನಿ."

"ಹಂಗಾದ್ರೆ ಸರಿ ಬಿಡಿ. ಪುರೋಹಿತರನ್ನ ಹಿಡೀತೀನಿ. ಬೈಯೋದು ಇನ್ನೂ ಬಾಕಿ ಇದೆ, ಆಮೇಲೆ ಮಾಡ್ತೀನಿ" ಎಂದು ಗಂಗಾಧರಯ್ಯ ಫೋನಿಟ್ಟರು.

ಅಷ್ಟರಲ್ಲಿ ಆಶ್ರಿತ್ ಮೀಟಿಂಗಿನಿಂದ ಓಡಿಬಂದನು. "ಏನ್ ಸಾರ್ ಇದು! ಫೌಂಡರ್ ಲೈನಲ್ಲಿದಾರೆ. ಯಾರನ್ನ ಕೇಳಿ ಕಳಿಸಿದ್ರಿ ಅಂತಿದಾರೆ."

"ಕೆಳಗೆ ನನ್ನ ಹೆಸರಿದೆಯಲ್ಲ, ಓದೋಕೆ ಹೇಳು."

"ಮಾತಾಡಿ ಸಾರ್, ಪ್ಲೀಸ್. ಕೆಂಡ ಆಗಿದಾರೆ."

"ನಾಳೆ ನನಗೆ ರಜೆ. ಶುಕ್ರವಾರ ಬಂದು ಬೈಸಿಕೊಳ್ತೀನಿ ಅಂತ ಹೇಳಪ್ಪ."

ಚಕ್ರಪಾಣಿಯ ಕೈಯಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಕೋಣನಕುಂಟೆಯ ಕಮಲಾದೇವಿ ಎಂಬ ಹೆಂಗಸು, ಹೊತ್ತು ಮೀರಿಹೋಯಿತೇ ಎಂದು ಕೇಳುತ್ತಿದ್ದಳು. ಅವನು ಆಶ್ರಿತನಿಗೆ ಬೆನ್ನು ಮಾಡಿ ಕಿಟಕಿಯ ಕಡೆಗೆ ಸರಿದು, "ಹೇಳಿ ತಾಯಿ, ಇನ್ನೂ ಹೊತ್ತು ಮೀರಿಲ್ಲ. ಯಾರ ಶ್ರಾದ್ಧ?" ಎಂದು ಕೇಳಿದನು.