ಮಸಿ ಹಿಡಿದ ಒಡಕು

ಕಾದ ಕಬ್ಬಿಣದ ಮೇಲೆ ಕೊಬ್ಬರಿ ಎಣ್ಣೆ ಬಿದ್ದರೆ ಒಂದು ಕಮಟು ವಾಸನೆ ಏಳುತ್ತದೆ. ಕಳೆದ ತಿಂಗಳು ತಿಪಟೂರಿನ ಗ್ಯಾರೇಜೊಂದರಲ್ಲಿ ನನ್ನ ಹಳೇ ಪೆಟ್ರೋಲ್ ಜೀಪಿನ ಬಾನೆಟ್ಟು ಎತ್ತಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಗ್ಯಾಸಿನ ಉರಿ ತೋರಿಸಿ ಎಣ್ಣೆ ಹನಿಸಿದಾಗ ಅದೇ ವಾಸನೆ ಬಂತು. ಅದರ ಹಿಂದೆಯೇ, ಹಿಂದೆ ಈ ಜೀಪನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗಳು ನೆನಪಾದರು...

ತುರುವೇಕೆರೆ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು ಇತ್ತು. ಗ್ಯಾಸು ಗೀಸು ಏನೂ ಇರಲಿಲ್ಲ. ಬಾಣಲೆಯಲ್ಲಿ ತೆಂಗಿನ ಕರಟ ಉರಿಸಿ, ಕೆಂಡವನ್ನು ಇಕ್ಕಳದಲ್ಲಿ ಹಿಡಿದು ಬೋಲ್ಟಿನ ತಲೆಗೆ ಒತ್ತುತ್ತಿದ್ದರು. ಆಮೇಲೆ ಎರಡು ಹನಿ ಎಣ್ಣೆ ಬಿಟ್ಟು, ಬೀಡಿ ಹಚ್ಚಿ ಸುಮ್ಮನೆ ಕೂರುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಎರಡು ಏಟು ಹಾಕಿ ಬಿಚ್ಚಬಾರದೇ ಎಂದು ಗೊಣಗಿದರೆ ಅವರದು ಒಂದೇ ಉತ್ತರ. "ಕಬ್ಬಿಣಾನೂ ಒಂದ್ ಗಳಿಗೆ ಯೋಚ್ನೆ ಮಾಡ್ಲಿ ಬುಡಿ." ಇಂಜಿನ್ನಿಗೆ ಸುತ್ತಿಗೆ ಎತ್ತುವವನನ್ನು ಅವರು ಮೆಕ್ಯಾನಿಕ್ ಎಂದೇ ಒಪ್ಪುತ್ತಿರಲಿಲ್ಲ.

ಆಗಿನ ಒಂದು ಮಾಗಿಯಲ್ಲಿ ನನ್ನ ಅಪ್ಪ ತೀರಿಕೊಂಡರು. ಉಬ್ಬಸ ಜೋರಾಗಿ, ಬೆಳಗಿನ ಮಂಜಿನಲ್ಲಿ ದಂಡಿನಶಿವರದಿಂದ ತಿಪಟೂರಿನ ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೊರಟಿದ್ದೆ. ಅಪ್ಪ ಎಡಗಡೆ ಸೀಟಿನಲ್ಲಿದ್ದರು. ಚಳಿ ತಾಗದಿರಲಿ ಎಂದು ಎಡಗಡೆ, ಹಿಂದುಗಡೆ ಎಲ್ಲ ರೆಕ್ಸಿನ್ ಪರದೆಯ ಗುಂಡಿ ಹಾಕಿದ್ದೆ. ನನ್ನ ಕಡೆ ಮಾತ್ರ ತೆರೆದಿತ್ತು, ದಾರಿ ಕಾಣದೆ ತಲೆ ಹೊರಗೆ ಹಾಕಿ ಓಡಿಸುತ್ತಿದ್ದೆ. ರೈಲ್ವೆ ಗೇಟು ಬಿದ್ದಿತ್ತು. ಆರಿಸಿದರೆ ಮತ್ತೆ ಸ್ಟಾರ್ಟ್ ಆಗದು ಎಂದು ಇಂಜಿನ್ ಓಡುತ್ತಲೇ ಬಿಟ್ಟೆ. ಅಲ್ಲಿ ಅಪ್ಪ, "ತಲೆ ಸಿಡೀತೈತೆ ಕಣ್ಲಾ, ಪರ್ದೆ ಸರ್ಸು" ಎಂದರು. ತಂಡಿ ಹೊಡೆಯುತ್ತದೆ, ಸುಮ್ಮನಿರು ಎಂದು ಗದರಿದೆ. ಅವರು ಸುಮ್ಮನಾದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ತಿಥಿಯೆಲ್ಲ ಮುಗಿದ ಮೇಲೆ, ಇಂಜಿನ್ನಿನಲ್ಲಿ ಟಕಟಕ ಸದ್ದು ಬರುತ್ತಿದೆ ಎಂದು ಜೀಪನ್ನು ಮೇಸ್ತ್ರಿಗಳ ಹತ್ತಿರ ಬಿಟ್ಟೆ. ಬಾನೆಟ್ಟಿನೊಳಗೆ ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಇಂಜಿನ್ನಿನ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರಿಗೆ ದಾಟಿಸುವ ಎರಕದ ಕವಲುಕೊಳವೆಯೊಂದು ಇರುತ್ತದೆ, ಮ್ಯಾನಿಫೋಲ್ಡು. ಅದರ ಮೇಲೆ ಬೆರಳಾಡಿಸುತ್ತಾ ಕೇಳಿದರು. "ನಿಮ್ ತಂದೆಯೋರು ಯಾವ ಕಡೆ ಕುಂತಿದ್ರು? ಪರ್ದೆ ಹಾಕಿದ್ರಾ?"

ದುಃಖ ವಿಚಾರಿಸುತ್ತಿದ್ದಾರೆ ಎಂದುಕೊಂಡು ಎಲ್ಲವನ್ನೂ ಹೇಳಿದೆ, ಗೇಟಿನ ಹತ್ತಿರ ಕಾದದ್ದನ್ನೂ. ಅವರು ನನ್ನ ಮುಖ ನೋಡಲಿಲ್ಲ. ಪೇಟೆಗೆ ಹೋಗಿ ಗ್ಯಾಸ್ಕೆಟ್ ತನ್ನಿ ಎಂದು ಕಳಿಸಿದರು. ಬಂದು ನೋಡಿದರೆ ಮ್ಯಾನಿಫೋಲ್ಡು ಎರಡು ತುಂಡಾಗಿ ನೆಲದಲ್ಲಿತ್ತು, ಪಕ್ಕದಲ್ಲಿ ಸುತ್ತಿಗೆ.

"ಸುತ್ಗೆ ಜಾರ್ತು. ಕೈ ನಡುಗ್ತು ಕಣಪ್ಪ, ನಂದೇ ತಪ್ಪು."

ಅಪ್ಪ ಹೋದ ಸಂಕಟವೋ ಏನೋ, ಇದ್ದಬದ್ದದ್ದನ್ನೆಲ್ಲ ಆ ಮುದುಕನ ಮೇಲೆ ಕಾರಿದೆ. ನಾಲ್ಕು ಜನ ನಿಂತು ನೋಡಿದರು. ಮೇಸ್ತ್ರಿಗಳು ತಲೆ ತಗ್ಗಿಸಿಕೊಂಡೇ ಎಲ್ಲಿಂದಲೋ ಇನ್ನೊಂದನ್ನು ತಂದು ಕೂರಿಸಿದರು. ಅಷ್ಟಕ್ಕೆ ಬಿಟ್ಟೆನೇ? ಒಡೆದ ತುಂಡುಗಳನ್ನು ಜೀಪಿನಲ್ಲೇ ಇಟ್ಟುಕೊಂಡು ಕೊಬ್ಬರಿ ಮಂಡಿಯಲ್ಲಿ, ನೊಣವಿನಕೆರೆ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಮುದುಕನ ಕೈ ನಡುಗುತ್ತದೆ, ಗಾಡಿ ಬಿಡಬೇಡಿ ಎಂದು ಡಂಗುರ ಸಾರಿದೆ. ವರ್ಷದೊಳಗೆ ಶೆಡ್ಡಿಗೆ ಬೀಗ ಬಿತ್ತು. ಮತ್ತೆರಡು ವರ್ಷಕ್ಕೆ ಮೇಸ್ತ್ರಿಗಳೂ ಹೋದರೆಂದು ತಿಳಿಯಿತು. ಮಣ್ಣಿಗೆ ನಾನು ಹೋಗಲಿಲ್ಲ.

ಕಳೆದ ತಿಂಗಳು ಬಿಚ್ಚಿದ್ದು ಮೇಸ್ತ್ರಿಗಳು ಕೂರಿಸಿದ್ದ ಆ ಮ್ಯಾನಿಫೋಲ್ಡನ್ನೇ. ಅದೂ ಸೀಳು ಬಿಟ್ಟಿತ್ತು. ಈಗಿನ ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ಹೇಳಿದ. "ಇದು ಭಾಳ ದಿನದ ಒಡಕು ಸಾರ್. ಒಳಗೆಲ್ಲ ಮಸಿ ಕುಂತೈತೆ. ಈಗ ಒಡ್ದಿದ್ರೆ ಬೆಳ್ಳಗೆ ಮಿಂಚ್ತಿತ್ತು." ಇಂಥ ಗಾಡಿಯನ್ನು ಪರದೆ ಮುಚ್ಚಿ ಓಡಿಸಬಾರದು, ಹೊಗೆ ಪೆಡಲ್ಲಿನ ಸಂದಿಯಿಂದ ಒಳಗೆ ಬರುತ್ತದೆ, ಮೊದಲು ತಲೆನೋವು, ಆಮೇಲೆ ನಿದ್ದೆ ಬಂದ ಹಾಗೆ ಪ್ರಾಣವೇ ಹೋಗುತ್ತದೆ ಎಂದೂ ಸೇರಿಸಿದ.

ಮನೆಗೆ ಬಂದವನೇ ಕೊಬ್ಬರಿ ಅಟ್ಟ ಹತ್ತಿದೆ. ಕಿಂಡಿಯ ಹಲಗೆ ಗಾಳಿಗೆ ಬಡಿಯದಿರಲೆಂದು ಹಳೇ ತುಂಡುಗಳನ್ನು ಅಲ್ಲಿ ಭಾರಕ್ಕೆ ಇಟ್ಟಿದ್ದೆ. ತಿರುಗಿಸಿ ನೋಡಿದೆ. ಒಡೆದ ಅಂಚಿನಲ್ಲಿ ಹೆಬ್ಬೆರಳಗಲ ಮಾತ್ರ ತುಕ್ಕಿನ ಬಣ್ಣ, ಆಗ ಬೆಳ್ಳಗಿದ್ದು ಆಮೇಲೆ ತುಕ್ಕು ಹಿಡಿದದ್ದು, ಅದಷ್ಟೇ ಸುತ್ತಿಗೆ ಏಟಿನದು. ಮಿಕ್ಕಿದ್ದೆಲ್ಲ ಕಾಡಿಗೆಯಂಥ ಮಸಿ. ಊರಿಗೆಲ್ಲ ತೋರಿಸಿದವನು ನಾನೇ ನೋಡಿರಲಿಲ್ಲ. ಅಪ್ಪ ಉಬ್ಬಸದಿಂದಲೇ ಹೋದರೋ, ನಾನು ಗುಂಡಿ ಹಾಕಿದ ಪರದೆಯೊಳಗೆ ಹೊಗೆ ಕುಡಿದು ಹೋದರೋ, ಇನ್ನು ಯಾರೂ ಹೇಳಲಾರರು. ಆದರೆ ಆ ಪ್ರಶ್ನೆಯೇ ನನ್ನ ತಲೆಗೆ ಬಾರದಿರಲಿ ಎಂದು ಮೇಸ್ತ್ರಿಗಳು ಜೀವಮಾನದಲ್ಲಿ ಎತ್ತದ ಸುತ್ತಿಗೆ ಎತ್ತಿದ್ದರು. ಅಟ್ಟದ ಮೇಲೇ ಕೂತು ಅತ್ತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಮೇಸ್ತ್ರಿಗಳ ಹೆಸರಿಗೆ ಮೆತ್ತಿದ ಕಳಂಕವನ್ನಾದರೂ ತೊಳೆಯೋಣವೆಂದು ನೊಣವಿನಕೆರೆಯಲ್ಲಿರುವ ಅವರ ಹೆಂಡತಿಯ ಬಳಿ ಹೋದೆ. ತುಂಡುಗಳನ್ನು ಜಗಲಿಯ ಮೇಲಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿ ಎಂದೇ ಕಾಯುತ್ತಿದ್ದೆ. ಆಕೆ ಮಸಿಯ ಮೇಲೆ ಬೆರಳಿಟ್ಟು ಕೇಳಿದರು.

"ಅಂಗಾರೆ ಅವರ ಕೈ ನಡುಗ್ತಿರ್ಲಿಲ್ವಾ?"

ಇಲ್ಲ ಎಂದೆ.

"ಜನ ಆಡ್ಕಂತಾರೆ ಅಂತ ನಾನೇ ಶೆಡ್ ಬಾಗ್ಲು ಹಾಕ್ಸ್ದೆ ಕಣಪ್ಪ. ಅವರ ಕೈಲಿದ್ದ ಸ್ಪ್ಯಾನರ್ ಕಿತ್ಕಂಡೆ. ಒಂದ್ ಮಾತು ಎದುರಾಡ್ಲಿಲ್ಲ..."

ನನ್ನ ಮೇಲೆ ಬೀಳಬೇಕಾದ ಭಾರವನ್ನು ಮೇಸ್ತ್ರಿಗಳು ಸಾಯುವ ತನಕ ಹೊತ್ತರು. ನಾನು ಹೋಗಿ ಅದರಲ್ಲಿ ಅರ್ಧವನ್ನು ಆಕೆಯ ತಲೆಗೆ ಹೊರಿಸಿ ಬಂದೆ. ತುಂಡುಗಳನ್ನು ಆಕೆ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಟ್ಟದ ಕಿಂಡಿಗೆ ಈಗ ಒಂದು ಕಲ್ಲು ಇಟ್ಟಿದ್ದೇನೆ.