ನೀರು ಕಾಣದ ಇದ್ದಿಲು

ಪಕ್ಕದ ಮನೆಯ ಸರ್ವಮಂಗಳ ಇದ್ದಿಲಿನ ಚೀಲವನ್ನು ಈಗಲೂ ಹಾಗೇ ಎತ್ತುವುದಿಲ್ಲ. ಮೊದಲು ಮೂಸುತ್ತಾಳೆ, ಆಮೇಲೆ ಅಂಗೈ ಇಡುತ್ತಾಳೆ, ಕೊನೆಗೆ ಮೊಣಕೈವರೆಗೆ ಕೈ ತೂರಿಸಿ ತಳ ಮುಟ್ಟಿ ನೋಡುತ್ತಾಳೆ. ನೋಡಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಶನಿವಾರ ನಾನು ಅಲ್ಲೇ ಇದ್ದೆ.

ಶನಿವಾರಸಂತೆಯಿಂದ ಮೂರು ಮೈಲಿ ದೂರದ ಇಳಿಜಾರಿನಲ್ಲಿ ಅವರ ತೋಟ. ವರ್ಷವರ್ಷದ ಮಳೆಗೆ ಮೇಲುಮಣ್ಣು ಕೊಚ್ಚಿಹೋಗಿ ಕೆಂಪು ಗೊಚ್ಚು ಉಳಿದಿತ್ತು. ನೆಟ್ಟ ಕಾಫಿ ಸಸಿ ಎರಡು ಸಲ ಹಳದಿಯಾಗಿ ಸತ್ತವು. ಅದೇ ವರ್ಷ ಕೊಟ್ಟಿಗೆಯ ಹಿಂದಿನ ಬಿದಿರು ಮೆಳೆ ಹೂಬಿಟ್ಟಿತು. ಬಿದಿರು ಹೂಬಿಟ್ಟರೆ ಮುಗಿಯಿತು, ಮೆಳೆಗೆ ಮೆಳೆಯೇ ನಿಂತಲ್ಲಿ ಒಣಗುತ್ತದೆ. ಫೆಬ್ರವರಿಯ ಗಾಳಿಗೆ ಅದು ಕಟಕಟ ಎನ್ನುವಾಗ, ಯಾರಾದರೂ ಬೀಡಿ ಎಸೆದರೆ ಏನು ಗತಿ ಎಂದು ನಮಗೆಲ್ಲ ದಿಗಿಲು.

ಊರಲ್ಲಿ ನಡೆದ ಒಂದು ತರಬೇತಿಗೆ ಸರ್ವಮಂಗಳ ಹೋಗಿಬಂದಳು. ಬಿದಿರನ್ನು ಸೀಳಿ ಗುಂಡಿಯಲ್ಲಿ ಸುಟ್ಟು, ಬೂದಿಯಾಗುವ ಮೊದಲೇ ನೀರು ಹುಯ್ದು ಆರಿಸಬೇಕು. ಆ ಇದ್ದಿಲನ್ನು ಸಗಣಿ, ಗಂಜಲದಲ್ಲಿ ನೆನೆಸಿ ಬುಡಕ್ಕೆ ಕೊಟ್ಟರೆ ಮಣ್ಣು ನೀರನ್ನೂ ಗೊಬ್ಬರವನ್ನೂ ಹಿಡಿದಿಟ್ಟುಕೊಳ್ಳುತ್ತದಂತೆ. ನೆನೆಸದೆ ಹಾಕಿದರೆ ಇದ್ದಿಲೇ ಮಣ್ಣಿನ ಸಾರ ಹೀರುತ್ತದಂತೆ.

"ಊರೋರೆಲ್ಲ ಬೆಳೀತಾರೆ, ನಮ್ಮನೇವ್ಳು ಸುಡ್ತಾಳೆ" ಎಂದು ಅವಳ ಗಂಡ ಶಿವಶಂಕರಪ್ಪ ನನ್ನೆದುರಿಗೇ ಅಂದ. ಅಂದರೂ ಬಿದಿರು ಕಡಿದುಕೊಟ್ಟ, ಗುಂಡಿ ತೋಡಿಕೊಟ್ಟ. ಸೀಳದೆ ಉಳಿದ ಒಂದು ಗಣ್ಣು ಬೆಂಕಿಯಲ್ಲಿ ಢಂ ಎಂದು ಸಿಡಿದಾಗ ಕೋಳಿಗಳೆಲ್ಲ ದಿಕ್ಕಾಪಾಲಾದವು.

"ಆನೆ ಓಡ್ಸೋಕೆ ಪಟಾಕಿ ತರೋದು ತಪ್ತು ಬಿಡು" ಎಂದ.

ಉರಿ ತಗ್ಗಿ ಕೆಂಡ ಕಾಣುವಾಗ ಸರ್ವಮಂಗಳ ಗುದ್ದಲಿ ತಗೊಂಡು ಮಣ್ಣು ಮುಚ್ಚತೊಡಗಿದಳು.

"ನೀರು ಹುಯ್ಬೇಕು ಅಂದಿದ್ರಲ್ಲೇ?" ಎಂದೆ. ಅವಳು ಕೊಟ್ಟಿಗೆಯಲ್ಲಿದ್ದ ಹಸುವಿನ ಕಡೆ ನೋಡಿದಳು.

"ಗೌರಿ ತುಂಬಿದ ಗಬ್ಬ, ದೊಡ್ಡಮ್ಮ. ಈಗ ಬೆಂಕಿಗೆ ನೀರು ಹುಯ್ದ್ರೆ ಕೆಚ್ಚಲು ಬತ್ತುತ್ತೆ. ನಮ್ಮತ್ತೆ ಇರೋವರ್ಗೂ ಒಲೆಗೆ ಒಂದು ತೊಟ್ಟು ನೀರು ಬೀಳೋಕೆ ಬಿಟ್ಟೋರಲ್ಲ."

ನಾನೂ ಅದೇ ಮಾತು ಕೇಳಿ ಬೆಳೆದವಳು. ಸುಮ್ಮನಾದೆ. ನನ್ನ ತಪ್ಪೂ ಅಷ್ಟರಲ್ಲಿದೆ.

ಎರಡು ದಿನ ಬಿಟ್ಟು ಶುಕ್ರವಾರ ಗುಂಡಿ ತೆಗೆದಳು. ಮೇಲೆಲ್ಲ ತಣ್ಣಗಿತ್ತು. ಇದ್ದಿಲು ಒಂದಕ್ಕೊಂದು ತಾಗಿದರೆ ಬಳೆಯ ಹಾಗೆ ಸದ್ದು. ಏಳು ಗೋಣಿಚೀಲ ತುಂಬಿತು. ಇಬ್ಬನಿ ತಾಗಬಾರದೆಂದು ಕೊಟ್ಟಿಗೆಯ ಅಟ್ಟದಲ್ಲಿ, ಒಣಹುಲ್ಲಿನ ಪಕ್ಕ ಇಟ್ಟಳು.

ಮರುದಿನ ಶಿವಶಂಕರಪ್ಪ ಸಂತೆಗೆ ಹೋಗಿದ್ದ. ನಾವಿಬ್ಬರೂ ಅಂಗಳದಲ್ಲಿ ಕೂತು ಮೆಣಸು ಬಿಡಿಸುತ್ತಿದ್ದೆವು. ಕೊಟ್ಟಿಗೆಯಲ್ಲಿ ಗೌರಿ ಕಾಲು ಕುಟ್ಟಿತು. ಕೊರಳ ಗಂಟೆ ಒಂದೇ ಸಮ ಅಲ್ಲಾಡಿತು.

"ನೋವು ಬಂತೇನೋ" ಎಂದು ಸರ್ವಮಂಗಳ ಎದ್ದಳು. ನಾನೂ ಹಿಂದೆ ಹೋದೆ.

ನೋವಲ್ಲ. ಹಸು ಹಗ್ಗ ಜಗ್ಗಿಕೊಂಡು ಕಣ್ಣು ಮೇಲೆ ಮಾಡಿ ನಿಂತಿತ್ತು. ಗೋಣಿ ಸುಟ್ಟ ವಾಸನೆ. ಅಟ್ಟದ ಚೀಲವೊಂದರ ತಳದಿಂದ ಎಳೆಯಷ್ಟು ಹೊಗೆ ಹುಲ್ಲಿನ ಕಡೆಗೆ ತೆವಳುತ್ತಿತ್ತು. ಗುಂಡಿಯ ತಳದ ಕೆಂಡ ಮಣ್ಣಡಿ ಸತ್ತಿರಲಿಲ್ಲ, ಚೀಲದೊಳಗೆ ಉಸಿರಾಡಿಕೊಂಡು ಕೂತಿತ್ತು.

ನಾನು ಹಗ್ಗ ಬಿಚ್ಚಿದೆ. ಗೌರಿ ನನ್ನನ್ನು ನೂಕಿಕೊಂಡೇ ಹೊರಗೆ ಓಡಿತು. ಸರ್ವಮಂಗಳ ಏಣಿ ಹತ್ತಿ ಆ ಚೀಲವನ್ನು ಎಳೆದು ಹಿತ್ತಲ ಬಾಗಿಲಿನಿಂದ ಆಚೆ ಎಸೆದಳು. ಬಿದ್ದದ್ದೇ ಚೀಲ ಒಡೆದು ಇದ್ದಿಲು ಹರಡಿತು. ಗಾಳಿ ತಾಗಿತು. ಕಪ್ಪಗಿದ್ದದ್ದು ಕಣ್ಣೆದುರಿಗೇ ಕೆಂಪಾಗುತ್ತಾ ಬಂತು. ಹತ್ತು ಮಾರು ಆಚೆ ಕಡಿದು ಉಳಿದ ಒಣ ಮೆಳೆ, ಅದರಾಚೆ ನಮ್ಮೆಲ್ಲರ ತೋಟ.

ಹಸುವಿಗೆಂದು ಇಟ್ಟಿದ್ದ ಒಂದು ಬಕೆಟ್ ನೀರು ಬಾಗಿಲಲ್ಲೇ ಇತ್ತು. ಅವಳು ಎತ್ತಿದಳು. ಎತ್ತಿ ನಿಂತುಬಿಟ್ಟಳು. ಒಂದು ಸಲ ಕೆಂಡ ನೋಡಿದಳು, ಒಂದು ಸಲ ಅಂಗಳದಲ್ಲಿ ನಿಂತ ಗೌರಿಯ ಕೆಚ್ಚಲು ನೋಡಿದಳು.

"ದೊಡ್ಡಮ್ಮ, ಏನ್ಮಾಡ್ಲಿ?"

ಒಂದು ಕಿಡಿ ಹಾರಿ ತರಗೆಲೆಯ ಮೇಲೆ ಕೂತಿತು.

"ಹುಯ್ಯಿ" ಎಂದೆ.

ಹುಯ್ದಳು. ಚೊಂಯ್ ಎಂದ ಸದ್ದಿಗೆ ಹಸು ಕೂಗಿತು. ಆ ನೀರು ಸಾಲಲಿಲ್ಲ. ಕರೆಂಟ್ ಇರಲಿಲ್ಲ, ಬಾವಿ ಇಳಿಜಾರಿನ ಕೆಳಗೆ. ಗಂಜಲದ ತೊಟ್ಟಿಯಿಂದ ಮೊಗೆಮೊಗೆದು ಸುರಿದಳು. ಉಳಿದ ಆರು ಚೀಲಗಳನ್ನೂ ಇಳಿಸಿ ಬಿಚ್ಚಿದೆವು. ಎರಡು ಚೀಲಗಳ ಹೊಟ್ಟೆ ಇನ್ನೂ ಬೆಚ್ಚಗಿತ್ತು. ಅವಕ್ಕೂ ಗಂಜಲ.

ಸಂಜೆ ಶಿವಶಂಕರಪ್ಪ ಬಂದು ಸುಟ್ಟ ಚೀಲ ನೋಡಿದ. ಮಾರನೆಯ ದಿನ ಮೆಳೆಯ ಸುತ್ತ ತರಗು ಕೆರೆದು ಬೆಂಕಿ ದಾಟದ ಹಾಗೆ ಹಾದಿ ಮಾಡಿದ.

ಗೌರಿ ಕರು ಹಾಕಿದ್ದು ಒಂಬತ್ತು ದಿನದ ಮೇಲೆ. ಆ ಒಂಬತ್ತು ದಿನ ಸರ್ವಮಂಗಳ ನೀರು ಹುಯ್ದದ್ದನ್ನು ಗಂಡನಿಗೂ ಹೇಳಲಿಲ್ಲ. ಹೋದಾಗ ಬಂದಾಗೆಲ್ಲ ಕೆಚ್ಚಲು ಮುಟ್ಟುತ್ತಿದ್ದಳು. "ಸಣ್ಣಕ್ಕೆ ಕಾಣುತ್ತೆ ಅಲ್ವಾ?" ಎಂದು ನನ್ನನ್ನೇ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ನನಗೂ ಸಣ್ಣದಾಗಿಯೇ ಕಾಣುತ್ತಿತ್ತು.

ಕರು ಎದ್ದು ನಿಂತ ಮೇಲೆ ಮೊದಲ ಮೊಲೆ ಹಿಂಡಿದಳು. ಏನೂ ಬರಲಿಲ್ಲ. ನನ್ನ ಮುಖ ನೋಡಿದಳು. ಕೈ ಒದ್ದೆ ಮಾಡಿಕೊಂಡು ಮತ್ತೆ ಹಿಂಡಿದಳು. ಅರಿಸಿನ ಬಣ್ಣದ ಗಿಣ್ಣುಹಾಲು ದಾರದ ಹಾಗೆ ಇಳಿದು ಪಾತ್ರೆಯ ತಳಕ್ಕೆ ಬಿತ್ತು. ಉಳಿದ ಮೂರರಲ್ಲೂ ಬಂತು. ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿ ಬಹಳ ಹೊತ್ತು ಕೂತಳು.

ಗಂಜಲ ಕುಡಿದ ಆ ಇದ್ದಿಲು ಮಳೆಗಾಲಕ್ಕೆ ಮುಂಚೆ ಸಸಿಗಳ ಗುಂಡಿ ಸೇರಿತು. ಸಸಿ ಈ ಸಲ ಹಸಿರಾಗಿಯೇ ಇವೆ. ಈಗ ಗುಂಡಿಗೆ ಬೆಂಕಿ ಕೊಡುವ ಮೊದಲೇ ನಾಲ್ಕು ಕೊಡ ನೀರು ತಂದು ಸಾಲಾಗಿ ಇಡುತ್ತಾಳೆ. ಹುಯ್ಯುವಾಗ ಮಾತ್ರ ಕೊಟ್ಟಿಗೆಗೆ ಬೆನ್ನು ಹಾಕಿ ನಿಲ್ಲುತ್ತಾಳೆ.